ಒಣ ಹೊಯ್ಗೆ ಸಿಕ್ಕಿದಾಗ

ಮೊನ್ನೆ ಬೈಂದೂರಿನ ಹತ್ತಿರದ ಯಡ್ತರೆಯ ನಮ್ಮ ಶಾಲೆಯಲ್ಲಿ ಆಟದ ಸಾಮಾನಿನ ಕೋಣೆ ತೆರೆದೆ. ಮಳೆಗಾಲ ಕಳೆದು ಮೊದಲ ಸಲ ಬೀಗ ತೆಗೆದಾಗ ಆ ಕೋಣೆಯಿಂದ ಎಂತೆಂಥ ವಾಸನೆ ಹೊರಡುತ್ತದೆ ಎನ್ನುವುದು ಪಿ.ಟಿ. ಟೀಚರುಗಳಿಗೇ ಗೊತ್ತು. ಗಾಳಿ ಹೋದ ಚೆಂಡು, ಬೂಸ್ಟು ಹಿಡಿದ ನೆಟ್ಟು... ಮೂಲೆಯಲ್ಲಿ ಹಗ್ಗಜಗ್ಗಾಟದ ದಪ್ಪ ಹಗ್ಗ ತೇವ ಕುಡಿದು ಬಿದ್ದಿತ್ತು. ಬಿಸಿಲಿಗೆ ಹಾಕೋಣ ಎಂದು ಎತ್ತಿ ಹೆಗಲಿಗೇರಿಸಿದೆ. ಒದ್ದೆ ತೆಂಗಿನ ನಾರಿನ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನ್ನ ಮೊಣಕಾಲು ತಾನಾಗಿ ಮಡಚಿಕೊಂಡಿತು, ಸೊಂಟ ಕೆಳಗಿಳಿಯಿತು, ಹಿಮ್ಮಡಿ ನೆಲ ಕಚ್ಚಿತು. ಎದುರಿಗೆ ಎಳೆಯುವವರು ಯಾರೂ ಇಲ್ಲ! ಬಾಗಿಲಲ್ಲಿದ್ದ ಮಕ್ಕಳು ಕಿಸಕ್ಕೆಂದರು. ನಗಲಿ, ಅವಕ್ಕೇನು ಗೊತ್ತು. ಹಾಗೆ ಸೊಂಟ ತಗ್ಗಿಸಲು ಕಲಿಸಿದವರು ನನ್ನ ಹೈಸ್ಕೂಲಿನ ಪಿ.ಟಿ. ಟೀಚರ್.

ಅವರು ಕೋಟದ ಕಡೆಯವರು. ಮನೆಯವರಿಗೆ ದೇವಸ್ಥಾನದ ಕೆಲಸ, ಜೊತೆಗೊಂದಿಷ್ಟು ಗದ್ದೆ. ಮೀನಿನ ಸುದ್ದಿಯೇ ಇಲ್ಲದ ಮನೆತನ. ನಮ್ಮದೋ, ತೆಕ್ಕಟ್ಟೆಯಿಂದ ಪಶ್ಚಿಮಕ್ಕೆ ಇಳಿದರೆ ಸಿಗುವ ಕಡಲಬದಿ. ಅಪ್ಪ ದೋಣಿಗೆ, ಅಮ್ಮ ಬುಟ್ಟಿ ಹೊತ್ತು ಪೇಟೆಗೆ. ಟೀಚರಿಗೆ ಒಂದು ಹುಚ್ಚಿತ್ತು. ಯಾರನ್ನು ಕಂಡರೂ ಮೊದಲು ಕಾಲು ನೋಡುವರು, ಮುಖ ಆಮೇಲೆ. ಬಸ್ಸಿನ ಮೆಟ್ಟಿಲಲ್ಲಿ ಕೈಬಿಟ್ಟು ನಿಂತ ಕಂಡಕ್ಟರು, ಮೀನಿನ ಬುಟ್ಟಿ ಹೊತ್ತು ಬಿರಬಿರನೆ ನಡೆಯುವ ನಮ್ಮ ಹೆಂಗಸರು, ಎಲ್ಲರ ಕಾಲನ್ನೂ ರೆಪ್ಪೆ ಬಡಿಯದೆ ನೋಡಿ, "ಕಾಣ್, ಕಾಣ್! ಹಿಮ್ಮಡಿ ಎಲ್ಲಿ ಊರ್ತ್ರ್ ಕಾಣ್!" ಎಂದು ಪಕ್ಕದಲ್ಲಿದ್ದವರ ತೋಳು ಚಿವುಟುತ್ತಿದ್ದರು. ಪಕ್ಕದಲ್ಲಿ ಹೆಚ್ಚಾಗಿ ನಾನೇ ಇರುತ್ತಿದ್ದೆ. ನನ್ನ ತೋಳಿನಲ್ಲಿ ಚಿವುಟಲು ಜಾಗವೂ ಧಾರಾಳವಾಗಿತ್ತು.

ಹೌದು, ನಾನು ದಪ್ಪ. ಶಾಲೆಯಲ್ಲಿ ನನ್ನ ಹೆಸರು "ಹಂಡೆ". ಖೋಖೋಗೆ ಬೇಡ, ಓಟಕ್ಕೆ ಕೇಳುವುದೇ ಬೇಡ. ಎಲ್ಲರೂ ಆಡುವಾಗ ನನ್ನದು ಚಪ್ಪಲಿ ಕಾಯುವ ಕೆಲಸ. ಮನೆಗೆ ಬಂದು ಅಳುತ್ತಿದ್ದೆ, ಅತ್ತ ಮೇಲೆ ಹಸಿವಾಗಿ ಇನ್ನಷ್ಟು ಉಣ್ಣುತ್ತಿದ್ದೆ. ಒಂದೇ ಒಂದು ಟೀಮಿನಲ್ಲಿ ನನ್ನ ಹೆಸರಿರಲಿ ದೇವರೇ ಎನ್ನುವುದು ಆಗಿನ ನನ್ನ ಏಕಮಾತ್ರ ಬೇಡಿಕೆ. ಒಂಬತ್ತನೇ ಕ್ಲಾಸಿನಲ್ಲಿ ಟೀಚರ್ ಹುಡುಗಿಯರ ಹಗ್ಗಜಗ್ಗಾಟದ ಟೀಮು ಕಟ್ಟಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಸಾಲಿನ ಕಟ್ಟಕಡೆಗೆ ನಿಲ್ಲಿಸಿದರು. ಹಗ್ಗದ ತುದಿಯನ್ನು ಕಂಕುಳಡಿಯಿಂದ ಬೆನ್ನಿಗೆ, ಬೆನ್ನಿನಿಂದ ಹೆಗಲಿಗೆ ತಂದು ಹಾಕಿದರು.

"ಎಲ್ಲ ತಮಾಷೆ ಮಾಡ್ತ್ರ್ ಟೀಚ್ರೆ," ಎಂದೆ.

"ಮಾಡ್ಲಿ. ನಿನ್ನ ತೂಕ ಎಲ್ಲ ಸೊಂಟದ ಕೆಳಗಿತ್ತ್. ಸೊಂಟ ತಗ್ಗಿಸಿ ನಿಂತ್ರೆ ನಿನ್ನನ್ನ ಅಲ್ಲಾಡ್ಸುಕೆ ಯಾರಿಂದ್ಲೂ ಆತಿಲ್ಲೆ. ಇದ್ ವರ, ಮಾರಾಯ್ತಿ!"

ನನ್ನ ಸೊಂಟವನ್ನು ವರ ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆ ರಾತ್ರಿ ಕನ್ನಡಿಯ ಮುಂದೆ ಸುಮಾರು ಹೊತ್ತು ನಿಂತಿದ್ದೆ.

ಕೋಟದಲ್ಲಿ ವಲಯಮಟ್ಟದ ಕ್ರೀಡಾಕೂಟ. ಫೈನಲ್ಲಿಗೆ ಬಂದೆವು! ಮೂರು ಸಲದಲ್ಲಿ ಎರಡು ಸಲ ಎಳೆದವರು ಗೆದ್ದಂತೆ. ಮೊದಲ ಸಲ ನಾವೇ ಎಳೆದೆವು. ಕಡೆ ಬದಲಾಯಿಸಿದರು. ಎರಡನೇ ಸಲವೂ ಎದುರಿನವರು ಜಾರಿ ಜಾರಿ ಬರುತ್ತಿದ್ದರು, ನಾನು ಹಿಂದೆ ಹಿಂದೆ ಹೋಗುತ್ತಿದ್ದೆ, ಇನ್ನು ಎರಡೇ ಹೆಜ್ಜೆ... ಆಗ ನಾನು ಮಾಡಿದ್ದನ್ನು ಈಗ ಬರೆಯುವಾಗಲೂ ನಗು ತಡೆಯಲಾಗುವುದಿಲ್ಲ. ಹೆಗಲಿನ ಹಗ್ಗ ಕಳಚಿ ಬಿಟ್ಟೆ, ಸಾಲಿನ ಪಕ್ಕದಿಂದ ದಡಬಡನೆ ಓಡಿ ಎಲ್ಲರಿಗಿಂತ ಮುಂದೆ ಹೋಗಿ, ಎದುರಾಳಿಗಳ ಮೂಗಿನ ಮುಂದೆ ಮತ್ತೆ ಹಗ್ಗ ಹಿಡಿದೆ!

ಹಿಂದೆ ಆಧಾರ ತಪ್ಪಿದ ನಮ್ಮ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು. ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೊಣಕಾಲು ತರಚಿಕೊಂಡವರು ಮೂರನೇ ಸಲ ಎಳೆಯುವುದೆಂತು, ಸೋತೆವು. ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಟೀಚರ್ ಬಂದು ಕೂತರು. ಬೈಗುಳಕ್ಕೆ ತಯಾರಾಗಿದ್ದೆ. ಅವರ ಕಣ್ಣು ನೋಡಿದರೆ ಹಬ್ಬದಂತೆ ಹೊಳೆಯುತ್ತಿದೆ!

"ಎಂತಕೆ ಓಡಿದ್ದ್?"

"ಗೊತ್ತಿಲ್ಲೆ ಟೀಚ್ರೆ... ಕಾಲೇ ಓಡ್ತ್. ರಂಪಣಿ ಎಳುವತ್ತಿಗೆ ಹಾಂಗೇ ಅಲ್ದಾ."

ಕೈರಂಪಣಿ ಎಂದರೆ ನಮ್ಮ ದಡದ ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಅರ್ಧ ಸುತ್ತು ಹಾಕಿ ಬಲೆ ಬಿಡುತ್ತಾರೆ, ಎರಡು ತುದಿಯ ಹಗ್ಗವನ್ನು ದಡದಿಂದ ಊರಿಗೆ ಊರೇ ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತದೆ. ಎಳೆಯುತ್ತ ತೀರ ಹಿಂದೆ ಹೋದವರು ಹಗ್ಗ ಬಿಟ್ಟು ನೀರಿನ ಅಂಚಿಗೆ ಓಡಿ ಮತ್ತೆ ಮೊದಲಿನಿಂದ ಹಿಡಿಯಬೇಕು. ನಡೆಯಲು ಕಲಿತಾಗಿನಿಂದ ನಾನು ಎಳೆದದ್ದು ಅದೊಂದೇ ಹಗ್ಗ.

"ಸರಿ. ಆದ್ರೆ ಮೊದಲ್ನೇ ಸಲ ಓಡ್ಲಿಲ್ಲೆ, ಎರಡನೇ ಸಲ ಓಡಿದ್ದ್ ಎಂತಕೆ?" ಎಂದು ಟೀಚರ್ ಕಿಟಕಿಯ ಹೊರಗೆ ನೋಡುತ್ತ ಕೂತರು.

ಆ ಭಾನುವಾರ ಬೆಳಿಗ್ಗೆ ನಮ್ಮ ದಡದಲ್ಲಿ ಕಾಣುತ್ತೇನೆ... ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಶೂ ಕಳಚಿಟ್ಟು ಟೀಚರ್ ನಿಂತಿದ್ದಾರೆ! ಅಮ್ಮ ಗಾಬರಿಯಾದಳು. "ಅಯ್ಯೋ ಟೀಚ್ರೆ, ನೀವ್ ಇಲ್ಲಿಗ್ ಬಪ್ಪುದಾ! ಮೀನಿನ ವಾಸ್ನೆ..." ಟೀಚರ್ ಕೇಳಿಸಿಕೊಳ್ಳಲೇ ಇಲ್ಲ. ಸ್ವಲ್ಪ ಹೊತ್ತು ಕೂತು ಎಲ್ಲರ ಕಾಲು ನೋಡಿದರು. ಆಮೇಲೆ ನನ್ನ ಹಿಂದೆ ಬಂದು ಹಗ್ಗಕ್ಕೆ ಕೈ ಹಾಕಿದರು. ಎಳೆದರು, ಹಿಂದೆ ಬಂದರು, ಮುಂದೆ ಓಡಿದರು, ಮತ್ತೆ ಎಳೆದರು. ಅಂಗೈ ಕೆಂಪಾಯಿತು, ಮುಡಿ ಬಿಚ್ಚಿಹೋಯಿತು. ಒಮ್ಮೆಲೇ ಹಗ್ಗ ಬಿಟ್ಟು ಕಿರುಚಿದರು.

"ಹೊಯ್ಗೆ! ಹೆಣ್ಣೇ, ಹೊಯ್ಗೆ! ಒಣ ಹೊಯ್ಗೆ!"

ಎಲ್ಲರೂ ಹಾವು ಕಂಡವರಂತೆ ತಿರುಗಿದರು. ಟೀಚರ್ ನನ್ನನ್ನು ದರದರ ಎಳೆದುಕೊಂಡು ಹೋಗಿ ತೋರಿಸಿದರು. ಅಲೆ ಬಂದು ಹೋಗುವಲ್ಲಿ ಹೊಯ್ಗೆ, ಅಂದರೆ ಮರಳು, ಒದ್ದೆ, ಗಟ್ಟಿ. ಅಲ್ಲಿಂದ ಮೇಲೆ ಒಣಮರಳು, ಪಾದ ಹೂತುಹೋಗುವಂಥದ್ದು. ಯಾರೂ ಹಿಂತಿರುಗಿ ನೋಡುವುದೇ ಇಲ್ಲ. ಪಾದಕ್ಕೆ ಒಣಮರಳು ಸಿಕ್ಕಿದ ಕೂಡಲೇ ಕೈ ಹಗ್ಗ ಬಿಡುತ್ತದೆ, ಕಾಲು ಓಡುತ್ತದೆ. ಬಾಯಿಗೆ ಗೊತ್ತಿಲ್ಲದ ಲೆಕ್ಕ ಹಿಮ್ಮಡಿಗೆ ಗೊತ್ತು! ಕೋಟದ ಮೈದಾನದಲ್ಲಿ ಎರಡನೇ ಸಲ ನನ್ನ ಬೆನ್ನಹಿಂದೆ ಇದ್ದದ್ದು ಉದ್ದಜಿಗಿತದ ಹೊಂಡ. ಅದರ ತುಂಬ ಹೊಸದಾಗಿ ತಂದು ಸುರಿದ ಒಣಮರಳು. ನನ್ನ ಹಿಮ್ಮಡಿ ಅದನ್ನು ಮುಟ್ಟಿತ್ತು, ಅಷ್ಟೇ. ನಾನು ಪೆದ್ದಿಯಲ್ಲ ಎಂದು ತಿಳಿದು ಅಲ್ಲೇ ಗೊಳೋ ಎಂದು ಅತ್ತೆ. ಟೀಚರ್ ನಗುತ್ತಿದ್ದರು, ಅವರ ಕಣ್ಣೂ ಒದ್ದೆಯಾಗಿತ್ತು.

ಬಲೆ ದಡಕ್ಕೆ ಬಂತು. ಹಗ್ಗ ಹಿಡಿದವರಿಗೆಲ್ಲ ಪಾಲು ಎನ್ನುವುದು ನಮ್ಮಲ್ಲಿಯ ಕ್ರಮ. ಬಲೆಯ ಯಜಮಾನಿಕೆ ನೋಡುವ ತಾಂಡೇಲರು ಟೀಚರ ಮುಂದೆಯೂ ಬಂಗುಡೆ ಸುರಿದೇಬಿಟ್ಟರು. ಟೀಚರ್ ಎರಡು ಹೆಜ್ಜೆ ಹಿಂದೆ ಸರಿದರು.

"ಬ್ಯಾಡ ಅಂಬುಕಾಗ ಟೀಚ್ರೆ. ಎಳದವ್ರ್ ಪಾಲ್ ಅದ್," ಎಂದರು ತಾಂಡೇಲರು.

"ಹಾಂಗಾರೆ ನನ್ನ ಪಾಲ್ ಇವ್ಳ ಬುಟ್ಟಿಗೆ ಹಾಕಿ. ಇವ್ಳ್ ತಿನ್ಲಿ. ಹಿಂದ್ ನಿಲ್ಲುಕೆ ತೂಕ ಬೇಕಲ್ದಾ!"

ಅಂದಿನಿಂದ ಟೀಚರ್ ಬಂದು ಎಳೆದ ದಿನವೆಲ್ಲ ಅವರ ಪಾಲು ನಮ್ಮ ಬುಟ್ಟಿಗೇ ಬೀಳುತ್ತಿತ್ತು.

ಮರುವರ್ಷ ಹತ್ತನೇ ಕ್ಲಾಸು, ನನಗೆ ಅದೇ ಕೊನೆಯ ಅವಕಾಶ. ಹುಡುಗಿಯರೆಲ್ಲ ಸೇರಿ ಹಿಂದೆ ಬೇರೆಯವರನ್ನು ನಿಲ್ಲಿಸಿ ಎಂದರು. ಹೆಡ್‌ಮಾಸ್ಟರೂ ಅದನ್ನೇ ಹೇಳಿದರು, ಇನ್ನೊಂದು ಸಲ ನಗೆಪಾಟಲಾದರೆ ಹಗ್ಗಜಗ್ಗಾಟವನ್ನೇ ನಿಲ್ಲಿಸುತ್ತೇನೆ ಎಂದರು. ಟೀಚರ್ ಜಗ್ಗಲಿಲ್ಲ. ನನ್ನೊಬ್ಬಳಿಗಾಗಿ ಇಡೀ ಟೀಮನ್ನು ಪಣಕ್ಕಿಟ್ಟರು. ನನಗೆ ಅನ್ನ ಸೇರಲಿಲ್ಲ ಎಂದರೆ ನೀವು ನಂಬಬೇಕು!

"ಓಡಬೇಡ" ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಹಾಗೆ ಹೇಳಿದರೆ ಕಾಲಿಗೆ ಓಟವೇ ನೆನಪಾಗುತ್ತದಂತೆ. ಅದರ ಬದಲು ಬೇರೆ ಕೆಲಸ ಕೊಟ್ಟರು. ಹಗ್ಗ ಬರೀ ಕೈಯಲ್ಲಿದ್ದರೆ, ಒಣಮರಳು ಸಿಕ್ಕಿದಾಗ ಓಡು. ಹಗ್ಗ ಹೆಗಲ ಮೇಲಿದ್ದರೆ, ಒಣಮರಳು ಸಿಕ್ಕಿದಾಗ ತಗ್ಗು. ನೆಲಕ್ಕೆ ಕೂತರೆ ಫೌಲು, ಕೂರದೆ ತಗ್ಗಬೇಕು. ಹಿಮ್ಮಡಿ ಒತ್ತಿ, ಮೈ ಹಿಂದಕ್ಕೆ ಚಾಚಿ, ಹಿಮ್ಮಡಿಯಿಂದ ಹೆಗಲಿನವರೆಗೆ ಒಂದೇ ಗೆರೆ. ಒಂದು ದಿನ ಶಾಲೆಯ ಮೈದಾನ, ಒಂದು ದಿನ ಕೊಯ್ದ ಗದ್ದೆ, ಒಂದು ದಿನ ಕಡಲದಡ. ಒಂದೇ ಕಡೆ ಕಲಿತದ್ದು ಅಲ್ಲಿಯದ್ದಾಗಿಯೇ ಉಳಿಯುತ್ತದೆ ಎನ್ನುತ್ತಿದ್ದರು. ದಡದಲ್ಲಿ ನಮ್ಮ ಎದುರಾಳಿಗಳು ಯಾರು ಗೊತ್ತೇ? ನನ್ನ ಅಮ್ಮ ಮತ್ತು ಅವಳ ಜೊತೆಯ ಮೀನು ಮಾರುವ ಹೆಂಗಸರು! ಅಬ್ಬಬ್ಬಾ, ಆ ಹೆಂಗಸರ ಎಳೆತವೇ... ಮಕ್ಕಳೆಂಬ ಕರುಣೆಯಿಲ್ಲ. ನಾನು ಒಣಮರಳಿಗೆ ತಲುಪುತ್ತಿದ್ದಂತೆ ಟೀಚರ್ ಹಿಂದಿನಿಂದ ಕೂಗುವರು, "ತಗ್ಗ್!" ಆಮೇಲಾಮೇಲೆ ಕೂಗುವುದನ್ನು ಕಡಿಮೆ ಮಾಡಿದರು. ಕೊನೆಗೆ ಕೂಗಲೇ ಇಲ್ಲ. ಮುಂದೆ ನಾನೂ ಪಿ.ಟಿ. ಟೀಚರಾಗಲು ಬಿ.ಪಿ.ಎಡ್. ಓದುವಾಗ ಗುರುತ್ವ ಕೇಂದ್ರ, ಘರ್ಷಣೆ, ಚಲನೆಯ ಕಲಿಕೆ ಎಂಬ ಪಾಠಗಳು ಬಂದಾಗ ಕ್ಲಾಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಇದೆಲ್ಲ ಟೀಚರ್ ನನ್ನ ಹಿಮ್ಮಡಿಗೆ ಆಗಲೇ ಓದಿಸಿಯಾಗಿತ್ತು.

ಮತ್ತೆ ಕೋಟ. ಮತ್ತೆ ಫೈನಲ್. ಒಂದು ಅವರದು, ಒಂದು ನಮ್ಮದು. ಮೂರನೆಯದಕ್ಕೆ ಟಾಸ್ ಸೋತೆವು, ಬೆನ್ನಹಿಂದೆ ಅದೇ ಹೊಂಡ! ಜನರಲ್ಲಿ ಯಾರೋ "ಹ್ವಾಯ್, ಈ ಸಲ ಎಷ್ಟೊತ್ತಿಗೆ ಓಡ್ತೆ?" ಎಂದು ಕೂಗಿದರು. ಸೀಟಿ ಊದಿದರು. ಎಳೆದೆವು, ಎಳೆದೆವು... ಹಿಮ್ಮಡಿಗೆ ಒಣಮರಳು ತಾಗಿತು. ಎಡಗಾಲು ನೆಲ ಬಿಟ್ಟು ಎದ್ದದ್ದು ನನಗೆ ಇವತ್ತಿಗೂ ನೆನಪಿದೆ. ಗೆರೆಯಾಚೆ ಟೀಚರ್ ಬಾಯಿಗೆ ಸೆರಗು ಒತ್ತಿ ನಿಂತಿದ್ದರು. ಕೂಗಲಿಲ್ಲ. ಎದ್ದ ಕಾಲು ಇನ್ನೂ ಹಿಂದಕ್ಕೆ ಹೋಗಿ ಮರಳಿನಲ್ಲಿ ಗಚ್ಚನೆ ಹೂತಿತು, ಸೊಂಟ ತಗ್ಗಿತು, ಹಗ್ಗ ಹೆಗಲಿಗೆ ಕಚ್ಚಿಕೊಂಡಿತು. ನಾನು ಅಲ್ಲಾಡಲಿಲ್ಲ. ಎದುರಿನವರು ಉಸಿರು ಬಿಟ್ಟ ಗಳಿಗೆಯಲ್ಲಿ ಹಗ್ಗ ಚೂರು ಸಡಿಲಾಯಿತು, ಎಲ್ಲರೂ ಒಟ್ಟಿಗೆ ಎಳೆದೆವು, ಗೆದ್ದೆವು! ಟೀಚರ್ ಓಡಿಬಂದು ಹೊಂಡದಲ್ಲೇ ನನ್ನನ್ನು ತಬ್ಬಿಕೊಂಡರು. ಇಬ್ಬರ ಬಾಯಿ ತುಂಬ ಮರಳು. ಅಂದಿನಿಂದ ಯಾರೂ ನನ್ನನ್ನು ಹಂಡೆ ಎಂದು ಕರೆಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಕರೆದರು. ಆದರೆ ನಾನು "ಓ" ಎನ್ನತೊಡಗಿದೆ.

ಟೀಚರಿಗೆ ಆಮೇಲೆ ವರ್ಗವಾಯಿತು, ನಿವೃತ್ತಿಯಾಯಿತು. ರಜೆಯಲ್ಲಿ ದಡಕ್ಕೆ ಬರುವುದನ್ನು ಮಾತ್ರ ಬಿಟ್ಟಿರಲಿಲ್ಲ. ನನ್ನ ಹಿಂದೆಯೇ ನಿಂತು ಎಳೆಯುತ್ತಿದ್ದರು. ಹೋದ ವರ್ಷ ಮಂಡಿ ನೋವೆಂದು ಬರಲಿಲ್ಲ. ಈ ಬೇಸಗೆಯಲ್ಲಿ ಸುದ್ದಿ ಬಂತು... ನಾನು ಬೈಂದೂರಿನಿಂದ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಕಾಲು ಮುಟ್ಟಲೂ ನನಗೆ ಸಿಗಲಿಲ್ಲ.

ಆ ಒದ್ದೆ ಹಗ್ಗವನ್ನು ಬಿಸಿಲಿಗೆ ಹಾಕಿದ ವಾರವೇ ಊರಿಗೆ ಹೋದೆ. ಭಾನುವಾರ ರಂಪಣಿ ಎಳೆಯುತ್ತಿದ್ದರು. ಹೋಗಿ ಕೈ ಹಾಕಿದೆ. ಹಿಂದೆ ಹಿಂದೆ ನಡೆದೆ. ಹಿಂದೆ ಯಾರೂ ಇರಲಿಲ್ಲ. ಪಾದಕ್ಕೆ ಒಣಮರಳು ಸಿಕ್ಕಿತು. ಹಗ್ಗ ಬರೀ ಕೈಯಲ್ಲಿತ್ತು, ಓಡಬೇಕಾಗಿತ್ತು. ನನ್ನ ಸೊಂಟ ತಗ್ಗಿತು. ಹಿಮ್ಮಡಿ ಹೂತು ನಿಂತುಬಿಟ್ಟೆ.

"ಹ್ವಾಯ್! ಬಿಡ್ ಮಾರಾಯ್ತಿ, ಎದ್ರಿಗ್ ಹೋಗ್!" ಎಂದು ಎಲ್ಲರೂ ಕೂಗುತ್ತಿದ್ದರು. ಬಿಡಲಿಕ್ಕೆ ನನ್ನಿಂದ ಆಗಲಿಲ್ಲ. ತಾಂಡೇಲರಿಗೆ ಈಗ ವಯಸ್ಸಾಗಿದೆ, ಎಳೆಯುವುದಿಲ್ಲ, ಮರಳಲ್ಲಿ ಕೂತು ನೋಡುತ್ತಾರೆ. ಅವರು ಕೈ ಎತ್ತಿ ಉಳಿದವರನ್ನು ಸುಮ್ಮನಾಗಿಸಿದರು. "ಇರ್ಲಿ, ಬಿಡಿ. ಸ್ವಲ್ಪ ಹೊತ್ತ್ ಹಿಡ್ಕಂಡಿರ್ಲಿ," ಎಂದರು.

ಮೀನು ಹಂಚುವಾಗ ನನ್ನ ಬುಟ್ಟಿಗೆ ಒಂದು ಪಾಲು ಬಿತ್ತು. ತಾಂಡೇಲರು, ಟೀಚರ್ ಬರುತ್ತಿದ್ದಾಗಿನಂತೆಯೇ, ಇನ್ನೊಂದು ಪಾಲು ತೆಗೆದು ಅದರ ಮೇಲೆಯೇ ಹಾಕಿದರು. ಬುಟ್ಟಿ ಎತ್ತಿಕೊಂಡು ಮನೆಗೆ ನಡೆದೆ.