ಹವಾಮಾನದ ಹೊತ್ತಿಗೆ ಗುರ್ರ್ ಎನ್ನುವ ರೇಡಿಯೋ

ಅತ್ತೆಗೆ ವೈರ್‌ಲೆಸ್ ಚಾರ್ಜರ್ ತಂದುಕೊಟ್ಟ ಪುಣ್ಯಾತ್ಮ ನಾನೇ. ಕಾಪುವಿನ ಉಪ್ಪುಗಾಳಿಗೆ ಅವರ ಫೋನಿನ ಚಾರ್ಜಿನ ತೂತು ತುಕ್ಕು ಹಿಡಿಯುತ್ತಿತ್ತು. ವಿಜ್ಞಾನದ ಮೇಲೆ ನನಗೆ ಭಾರೀ ನಂಬಿಕೆ. ಡಬ್ಬಿಯೊಳಗಿನ ಸೂಚನೆ ಓದುವಷ್ಟು ಮಾತ್ರ ಇಲ್ಲ. ಅಳಿಯ ಕೊಟ್ಟದ್ದೆಂದು ಅತ್ತೆ ಅದಕ್ಕೆ ಮನೆಯ ಅತ್ಯುನ್ನತ ಸ್ಥಾನ ಕೊಟ್ಟರು: ಹಳೆಯ ರೇಡಿಯೋದ ಪಕ್ಕ.

ಆ ರೇಡಿಯೋ ಅಲಂಕಾರಕ್ಕಲ್ಲ. ಅವರ ಮಗ, ಅಂದರೆ ನನ್ನ ಭಾವ, ನಾಡದೋಣಿಯಲ್ಲಿ ಮೀನಿಗೆ ಹೋಗುವವನು. ಸಂಜೆ ಅವನು ಕಡಲ ಬದಿಯಲ್ಲಿ ಬಲೆ ಸರಿಮಾಡುತ್ತಿರುತ್ತಾನೆ. ಅತ್ತೆ ರೇಡಿಯೋದಲ್ಲಿ ಹವಾಮಾನ ಕೇಳಿ, ಫೋನಿನಲ್ಲಿ "ಹೋಗು" ಅಂದರೆ ಮಾತ್ರ ಬೆಳಿಗ್ಗೆ ದೋಣಿ ನೀರಿಗಿಳಿಯುತ್ತದೆ. ಮೊಬೈಲಿನ ಹವಾಮಾನ ತೋರಿಸಿದರೆ, "ಅದು ಬಿಸಿಲು ಅಂತ ಹೇಳಿದ ದಿನವೇ ನನ್ನ ಹಪ್ಪಳ ಒದ್ದೆಯಾದದ್ದು" ಎನ್ನುತ್ತಾರೆ.

ಚಾರ್ಜರ್ ಕೊಟ್ಟ ವಾರದಲ್ಲೇ ರೇಡಿಯೋ ಗುರ್ರ್ ಎನ್ನತೊಡಗಿತು. ಹಾಡಿಗಿಲ್ಲ, ಕೃಷಿಗಿಲ್ಲ, ಸರಿಯಾಗಿ ಹವಾಮಾನಕ್ಕೆ ಮಾತ್ರ. ಕೇಳಿಸದೆ ಅತ್ತೆ "ಹೋಗು" ಅನ್ನಲಿಲ್ಲ. ಭಾವ ಮೂರು ದಿನ ಜಗಲಿಯಲ್ಲಿ ಕೂತ.

"ನೀವು ಓದಿದವರಲ್ವಾ ಭಾವ, ಎಂತಾದ್ರೂ ಮಾಡಿ," ಎಂದ ನನಗೆ.

ಮಾಡಿದೆ. ಟ್ರಾನ್ಸ್‌ಫಾರ್ಮರಿನ ಮೇಲೆ ಸಂಶಯಪಟ್ಟು ಲೈನ್‌ಮ್ಯಾನ್‌ನನ್ನು ಕರೆಸಿದೆ. ಫ್ರಿಜ್ ಬಂದ್ ಮಾಡಿಸಿ ಅದರೊಳಗಿನ ಬಂಗುಡೆ ಮೀನನ್ನು ಬೆಕ್ಕಿಗೆ ದಾನ ಮಾಡಿದೆ. ಕೊನೆಗೆ ರೇಡಿಯೋವನ್ನು ಮಡಿಲಲ್ಲಿಟ್ಟುಕೊಂಡು, ಅತ್ತೆಯ ಜೊತೆ ಉಡುಪಿಯ ಬಸ್ಸು ಹತ್ತಿದೆ. ರಿಪೇರಿಯವನ ಅಂಗಡಿಯಲ್ಲಿ ಅದು ಲಕ್ಷಣವಾಗಿ ಹಾಡಿತು.

ಅವನು ಅತ್ತೆಯನ್ನು ಕೇಳಿದ. "ಹವಾಮಾನದ ಹೊತ್ತಿಗೆ ಮನೆಯಲ್ಲಿ ಎಂತ ಮಾಡ್ತೀರಿ ಅಮ್ಮ?"

"ಫೋನ್ ಚಾರ್ಜಿಗೆ ಇಡ್ತೇನೆ. ಕೇಳಿದ ಕೂಡಲೇ ಮಗನಿಗೆ ಹೇಳ್ಬೇಕಲ್ಲ."

"ಎಲ್ಲಿ?"

"ರೇಡಿಯೋದ ಹತ್ತಿರವೇ ತಟ್ಟೆಯಂಥದ್ದು ಉಂಟು. ಅಳಿಯ ಕೊಟ್ಟದ್ದು."

ಅವನು ನನ್ನ ಕಡೆ ತಿರುಗಿದ. "ಆ ತಟ್ಟೆ ಫೋನಿಗೆ ಕರೆಂಟು ಕೊಡುವಾಗ ರೇಡಿಯೋಕ್ಕೂ ಉಪದ್ರ ಕೊಡ್ತದೆ ಮಾರಾಯ್ರೆ. ಬೇರೆ ಕೋಣೆಯ ಪ್ಲಗ್ಗಿಗೆ ಹಾಕಿ. ಅದರ ವಯರಿಗೆ ಈ ಕರಿ ಬಳೆ ಸಿಕ್ಕಿಸಿ, ಗುರ್ರ್ ಸ್ವಲ್ಪ ಕಡಿಮೆಯಾಗ್ತದೆ. ಹವಾಮಾನದ ಹೊತ್ತಿಗೆ ಮಾತ್ರ ಫೋನ್ ಅದರ ಮೇಲೆ ಇಡ್ಲೇಬೇಡಿ."

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಮಾನ ಉಳಿಸಲು ಕಿಟಕಿಯ ಹೊರಗೇ ನೋಡುತ್ತಿದ್ದರು.

ಸಂಜೆ ಚಾರ್ಜರ್ ಒಳಕೋಣೆಗೆ ಗಡೀಪಾರಾಯಿತು. ರೇಡಿಯೋ ಒಂದಕ್ಷರ ನುಂಗದೆ ಹೇಳಿತು: ಬಿರುಸಾದ ಗಾಳಿ, ಎರಡು ದಿನ ಯಾರೂ ಕಡಲಿಗಿಳಿಯಬಾರದು.

"ಭಾರೀ ಉಪಕಾರ ಆಯ್ತು ಭಾವ," ಎಂದ ಭಾವ, ಪುನಃ ಜಗಲಿಗೆ ಹೋಗುತ್ತಾ.

ಹವಾಮಾನ ಕಿವಿಯಾರೆ ಕೇಳಿದ ಅತ್ತೆಯ ಮುಖ ಮಾತ್ರ ಮೂರು ದಿನಗಳಲ್ಲಿ ಮೊದಲ ಸಲ ಸಡಿಲವಾಗಿತ್ತು. ಮಗ ಕಡಲಿಗೆ ಹೋಗದ ಮನೆಯಲ್ಲಿ ಹಸಿಮೀನು ಎಲ್ಲಿಂದ? ಅಳಿಯನಿಗೆ ಒಣಮೀನಿನ ಚಟ್ನಿಯನ್ನೇ ಎರಡು ಸಲ ಬಡಿಸಿದರು.