ಹೊಳೆಗೊಂದು ಮೆಟ್ಟಿಲು

ಅಂಗಡಿ ನೋಡಿಕೋ ಎಂದು ನನ್ನನ್ನು ಕೂರಿಸಿದರೆ ನಾನು ಅಂಗಡಿಯೊಂದನ್ನು ಬಿಟ್ಟು ಬೇರೆಲ್ಲವನ್ನೂ ನೋಡುತ್ತೇನೆ. ಇದು ನಮ್ಮ ಯಜಮಾನರ ದೂರು. ಸುಳ್ಳೇನಲ್ಲ. ನಮ್ಮದು ಪಾತ್ರೆ ಅಂಗಡಿ, ಹಳೇ ಪೇಟೆ ಬೀದಿಯಲ್ಲಿ. ಆ ಬೀದಿ ಪಡುವಣಕ್ಕೆ ಇಳಿಜಾರಾಗಿ ಇಳಿದು ಕಾವೇರಿಯ ಹತ್ತಿರ ಹೋಗಿ ಮುಗಿಯುತ್ತದೆ. ಹೊಳೆ ತುಂಬಿದ ತಿಂಗಳುಗಳಲ್ಲಿ ಇಳಿಹೊತ್ತಿನ ಬಿಸಿಲು ನೀರಿಗೆ ಬಿದ್ದು, ಅಲ್ಲಿಂದ ಬೀದಿಯೇರಿ ಬಂದು ನಮ್ಮ ಕೊಡ, ತಪ್ಪಲೆ, ಚೊಂಬು, ಎವರ್‌ಸಿಲ್ವರ್ ತಟ್ಟೆಗಳ ಮೇಲೆಲ್ಲ ಅಲುಗುತ್ತದೆ. ಗೋಡೆ ಅಲುಗುತ್ತದೆ, ಸೂರು ಅಲುಗುತ್ತದೆ, ಗಲ್ಲಾಪೆಟ್ಟಿಗೆಯೂ ಅಲುಗುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಬಂದು ‘ಅಕ್ಕಾ, ಇಡ್ಲಿ ಪಾತ್ರೆ ಏನ್ ರೇಟು?’ ಎಂದರೆ ನಾನು ‘ಹೂಂ’ ಎಂದುಬಿಡುತ್ತೇನೆ. ಗಿರಾಕಿ ನಕ್ಕು ಹೋಗುತ್ತಾರೆ. ಯಜಮಾನರು ನಗುವುದಿಲ್ಲ.

ನಾನು ಕೊಳ್ಳೇಗಾಲದ ಕಡೆಯ ಹೆಣ್ಣು, ಕನ್ನಡ ಶಾಲೆಯಲ್ಲಿ ಓದಿದವಳು. ಮಾದಪ್ಪನ ಬೆಟ್ಟ ದಾಟಿ ಈಚೆಯ ತಮಿಳು ಸೀಮೆಗೆ ಮದುವೆಯಾಗಿ ಬಂದಾಗ ಇಲ್ಲಿಯವರು ನನ್ನ ಕನ್ನಡ ಕೇಳಿ ‘ರೇಡಿಯೋ ಮಾತಾಡ್ತದೆ’ ಎಂದು ನಗುತ್ತಿದ್ದರು. ಇವರ ಮಾತೋ, ಕನ್ನಡದಲ್ಲಿ ಹೊರಟು ತಮಿಳಿನಲ್ಲಿ ಊಟ ಮಾಡಿ ಇಂಗ್ಲಿಷಿನಲ್ಲಿ ಬಸ್ಸು ಹತ್ತುವಂಥದ್ದು. ಈಗ ನಾನೂ ಹಾಗೇ ಆಗಿದ್ದೇನೆ. ಆದರೆ ಹೊಳೆಯ ವಿಷಯದಲ್ಲಿ ನನಗೆ ಇವತ್ತಿಗೂ ಇಲ್ಲಿಯ ಲೆಕ್ಕ ಪೂರ್ತಿ ಹತ್ತಿಲ್ಲ.

ಯಾಕೆಂದರೆ ಇಲ್ಲಿ ದಡ ಒಂದು ಕಡೆ ನಿಲ್ಲುವುದಿಲ್ಲ. ಕೆಳಗೆ ಮೆಟ್ಟೂರಿನಲ್ಲಿ ಅಣೆಕಟ್ಟು. ಅದು ತುಂಬಿದರೆ ನೀರು ಹಿಂದಕ್ಕೆ ಸರಿದು ಸರಿದು ನಮ್ಮ ಪೇಟೆಯ ಬಾಯಿಗೇ ಬಂದು ಕೂರುತ್ತದೆ. ಅದು ಬರಿದಾದರೆ ಹೊಳೆ ಮೈಲಿ ದೂರ ಹೋಗಿ, ದೂರದ ನೆಂಟರ ಹಾಗೆ ಸುಮ್ಮನೆ ಮಿನುಗುತ್ತಾ ಬಿದ್ದಿರುತ್ತದೆ. ನೀರು ಬಿಟ್ಟುಹೋದ ಮಣ್ಣಿನಲ್ಲಿ ನಮ್ಮವರು ರಾಗಿ ಚೆಲ್ಲುತ್ತಾರೆ. ಇನ್ನೂ ಇಳಿದರೆ ಹಿಂದಿನ ಕಾಲದಲ್ಲಿ ಮುಳುಗಿದ ಗುಡಿಯ ಬಸವಣ್ಣ ಮೊದಲು ಕೊಂಬು ತೋರಿಸಿ, ಆಮೇಲೆ ಮುಖ ತೋರಿಸಿ, ಕೊನೆಗೆ ಕೆಸರಿನಲ್ಲಿ ಪೂರ್ತಿಯಾಗಿ ಕುಳಿತುಕೊಳ್ಳುತ್ತಾನೆ. ನಾನು ಮದುವೆಯಾಗಿ ಬಂದ ಬೇಸಿಗೆಯಲ್ಲಿ ‘ಹೊಳೆ ಎಲ್ಲಿ?’ ಎಂದು ಕೇಳಿದ್ದಕ್ಕೆ ನಮ್ಮತ್ತೆ, ‘ಓಗವ್ಳೆ, ಬತ್ತಾಳೆ’ ಎಂದಿದ್ದರು, ಪಕ್ಕದ ಮನೆಯವಳು ಸಂತೆಗೆ ಹೋಗಿದ್ದಾಳೆ ಎನ್ನುವ ಧಾಟಿಯಲ್ಲಿ.

ಅಲ್ಲ, ಕಾವೇರಿ ಹುಟ್ಟಿದ್ದೇ ಹೀಗಲ್ಲವೇ? ಋಷಿ ಅವಳನ್ನು ಕಮಂಡಲದಲ್ಲಿ ಇಟ್ಟುಕೊಂಡಿದ್ದ, ಗಣಪತಿ ಕಾಗೆಯಾಗಿ ಬಂದು ಉರುಳಿಸಿದ, ಅವಳು ಹೊರಟುಹೋದಳು. ಪಾತ್ರೆ ಮಾರುವವನ ಹೆಂಡತಿಯಾಗಿ ನಾನು ಈ ಕಥೆಯನ್ನು ತುಂಬ ಯೋಚಿಸಿದ್ದೇನೆ. ಅಷ್ಟು ದೊಡ್ಡ ತಪಸ್ವಿಗೇ ಒಂದು ಪಾತ್ರೆಯಲ್ಲಿ ಅವಳನ್ನು ಹಿಡಿದಿಡಲು ಆಗಲಿಲ್ಲ. ಮೆಟ್ಟೂರಿನವರು ಅದಕ್ಕಿಂತ ದೊಡ್ಡ ಪಾತ್ರೆ ಕಟ್ಟಿದರು. ಅದರಲ್ಲೂ ಅವಳು ತನಗೆ ಬೇಕಾದಷ್ಟೇ ದಿನ ಇರುತ್ತಾಳೆ. ಕಮಂಡಲದ ಬಾಯಿ ಇನ್ನಷ್ಟು ಚಿಕ್ಕದಿರಬೇಕಿತ್ತು ಎಂದು ಯಜಮಾನರ ಅಭಿಪ್ರಾಯ. ಅವರಿಗೆ ಪುರಾಣವೂ ವ್ಯಾಪಾರವೇ.

ತೊಂಬತ್ತರ ದಶಕದ ಶುರುವಿನಲ್ಲಿ ಆ ವ್ಯಾಪಾರಕ್ಕೇ ಕಲ್ಲು ಬಿತ್ತು. ಮೇಲುಗಡೆ ರಸ್ತೆಯಲ್ಲಿ ಹೊಸ ಬಸ್ ಸ್ಟ್ಯಾಂಡ್ ಆಯಿತು. ಅದರ ಸುತ್ತ ಎಸ್‌ಟಿಡಿ ಬೂತು, ಬೇಕರಿ, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳನ್ನು ಹಗ್ಗಕ್ಕೆ ಕಟ್ಟಿ ತೂಗುಬಿಟ್ಟ ಅಂಗಡಿಗಳು. ಮೊದಲೆಲ್ಲ ಕಡಯಂಪಟ್ಟಿಯಿಂದ, ಮಾರಂಡಹಳ್ಳಿಯಿಂದ ಮದುವೆಯ ಸೀರ್ ಪಾತ್ರೆಗೆಂದು, ಅಂದರೆ ಹೆಣ್ಣಿನ ಜೊತೆ ಕೊಟ್ಟು ಕಳಿಸುವ ಪಾತ್ರೆಗೆಂದು, ಬಂಧುಬಳಗವೇ ಇಳಿದು ಬರುತ್ತಿತ್ತು. ಮಧ್ಯಾಹ್ನದ ಊಟವೂ ನಮ್ಮಲ್ಲೇ. ಈಗ ಬಸ್ಸಿಳಿದವರು ಅಲ್ಲೇ ಕೊಂಡು ಅಲ್ಲೇ ಬಸ್ಸು ಹತ್ತುತ್ತಿದ್ದರು. ಪೇಟೆಯಲ್ಲಿ ಬಳೆ ಅಂಗಡಿ ಮುಚ್ಚಿತು. ಎಣ್ಣೆ ಗಾಣದ ಮನೆ ಮುಚ್ಚಿತು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನಿಂದ ಗಾಡಿಯಲ್ಲಿ ಹೇರಿ ತಂದು ನಿಲ್ಲಿಸಿದ್ದ ಮರದ ಕಂಬಗಳು ಮುಚ್ಚಿದ ಬಾಗಿಲುಗಳ ಮುಂದೆ ಸುಮ್ಮನೆ ನಿಂತಿದ್ದವು.

ಒಂದು ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಹೇಳಿಯೇಬಿಟ್ಟರು.

“ಅವ್ವ, ಬಸ್ ಸ್ಟ್ಯಾಂಡ್ ಪಕ್ಕ ಒಂದು ಕಡೆ ಐತೆ, ಬಾಡಿಗೇಗೆ. ಅಲ್ಲಿಗೇ ಓಗ್ಬಿಡಾಣ.”

ಕಡೆ ಎಂದರೆ ಇಲ್ಲಿ ಅಂಗಡಿ. ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. “ಅಲ್ಲಿಂದ ಒಳೆ ಕಾಣ್ತದಾ?”

“ಒಳೆ ನೋಡ್ಕಂಡು ಹೊಟ್ಟೆ ತುಂಬ್ತದಾ? ಜನ ಬರ್ಬೇಕಲ್ಲ!”

“ಜನ ಬರ್ಬೇಕು ಅಂದ್ರೆ ಕರೀಬೇಕು ಕಣ್ಲಾ. ನೀನು ಯಾವತ್ತು ಕರ್ದೆ?”

ಆ ಒಂದು ಮಾತಿನಿಂದ ಎಲ್ಲ ಶುರುವಾಯಿತು. ಉಳಿದಿದ್ದ ಅಂಗಡಿಯವರೆಲ್ಲ ಸೇರಿದರು, ಯಜಮಾನರನ್ನು ತಲೈವರ್ ಮಾಡಿದರು. ಪೇಟೆಗೆ ಸುಣ್ಣ ಹೊಡೆಸುವುದು, ಚರಂಡಿ ತೆಗೆಸುವುದು, ಕಂಬಗಳಿಗೆ ಎಣ್ಣೆ ಹಚ್ಚುವುದು, ಟ್ಯೂಬ್‌ಲೈಟ್ ಹಾಕಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ, ಬೀದಿಯ ತುದಿಯಲ್ಲಿ ಹೊಳೆಗೆ ಇಳಿಯಲು ಚೆಂದದ ಸೋಪಾನ ಕಟ್ಟಿಸುವುದು. ಮೆಟ್ಟಿಲಿದ್ದರೆ ಆಡಿ ತಿಂಗಳ ಹದಿನೆಂಟಕ್ಕೆ, ಹೊಳೆಪೂಜೆಯ ದಿನ, ಸುತ್ತಲ ಹಳ್ಳಿಯ ಹೆಂಗಸರೆಲ್ಲ ಇಲ್ಲಿಗೇ ಬರುತ್ತಾರೆ, ಬಂದವರು ಪೇಟೆ ಹಾದೇ ಬರಬೇಕು, ಹಾದವರು ಕೊಳ್ಳದೆ ಹೋಗುತ್ತಾರೆಯೇ? ‘ಹೊಳೆಗೆ ಹಾಕಿದರೂ ಅಳೆದು ಹಾಕು’ ಎನ್ನುವ ಜಾತಿಯವರು ನಮ್ಮ ಯಜಮಾನರು. ಅವರೇ ಅಳೆಯದೆ ಹಾಕಲು ಒಪ್ಪಿದರು. ಆದರೆ ಒಂದು ಷರತ್ತು. ಇಷ್ಟು ಮಾಡಿಯೂ ಜನ ಬರದಿದ್ದರೆ ತೈ ತಿಂಗಳು ಹುಟ್ಟುವಷ್ಟರಲ್ಲಿ, ಅಂದರೆ ಸಂಕ್ರಾಂತಿಯೊಳಗೆ, ಅಂಗಡಿ ಬಸ್ ಸ್ಟ್ಯಾಂಡಿಗೆ. ಅತ್ತೆ ಆಯಿತು ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಒಳಗೊಳಗೇ ಮಾದಪ್ಪನಿಗೆ ಹರಕೆ ಹೊತ್ತೆ.

ಸಿಮೆಂಟಿನ ಲಾರಿ ತೊಪ್ಪೂರು ಘಾಟಿಯಲ್ಲಿ ಕೆಟ್ಟು ನಿಂತು, ಡ್ರೈವರು ಅಲ್ಲಿಯ ಕೋತಿಗಳ ಜೊತೆ ಒಂದು ರಾತ್ರಿ ಕಳೆದು, ಅಂತೂ ಬಂದು ಸೇರಿದ. ಸೇಲಂನಿಂದ ಮೇಸ್ತ್ರಿಯೂ ಬಂದರು. ಆಗ ಬಿರು ಬೇಸಿಗೆ. ಹೊಳೆ ದೂರದಲ್ಲೆಲ್ಲೋ ಒಂದು ಬಿಳಿ ಗೀರು. ಮೇಸ್ತ್ರಿ ಬೀದಿಯ ತುದಿಯಲ್ಲಿ ನಿಂತು, ಹಣೆಗೆ ಕೈ ಹಿಡಿದು, “ತಣ್ಣಿ ಎಂಗೆ, ಅಮ್ಮಾ?” ಎಂದರು. ನೀರೆಲ್ಲಿ ಎಂದು.

ಊರಿಗೆ ಊರೇ ನಕ್ಕಿತು. ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು ಇಳಿದು ಹೋಗಿ, ಒಂದು ಕಡೆ ನಿಂತು, ಕಾಲಿನ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಗೆರೆ ಎಳೆದರು. “ಇಂಗೆ ವರುಂ. ನೀ ಕಟ್ಟು.” ಇಲ್ಲಿಗೆ ಬರುತ್ತದೆ, ನೀನು ಕಟ್ಟು. ಅತ್ತೆ ಮದುಮಗಳಾಗಿ ಮೊದಲ ಆಡಿ ಪೂಜೆ ಮಾಡಿದ್ದು ಅದೇ ಜಾಗದಲ್ಲಂತೆ. ಸುತ್ತ ನಿಂತ ಹೆಂಗಸರೂ ‘ಆಮಾ ಆಮಾ, ಇಲ್ಲೇಯಾ’ ಎಂದರು. ಗಂಡಸರೂ ತಲೆಯಾಡಿಸಿದರು. ನೋಡಿ, ನಮ್ಮವರು ಮಾಡಿದ ತಪ್ಪು ಇದೇ. ವರ್ಷವಿಡೀ ಹೊಳೆ ಎಲ್ಲೆಲ್ಲೋ ಅಲೆಯುವುದನ್ನು ಕಣ್ಣಾರೆ ಕಂಡವರು, ಅದು ಬಿಟ್ಟ ಮಣ್ಣಿನಲ್ಲೇ ರಾಗಿ ಬೆಳೆದು ಉಂಡವರು; ಆದರೂ ಹೊಳೆಯ ಮನೆ ಎಲ್ಲಿ ಎಂದು ಕೇಳಿದರೆ ಆಡಿ ಹದಿನೆಂಟರ ದಿನ ಅದು ಎಲ್ಲಿರುತ್ತದೋ ಆ ಜಾಗವನ್ನೇ ತೋರಿಸುತ್ತಾರೆ. ಮಿಕ್ಕ ದಿನಗಳ ಹೊಳೆ ಇವರ ಲೆಕ್ಕದಲ್ಲಿ ಹೊಳೆಯೇ ಅಲ್ಲ. ಅತ್ತೆ ಎಳೆದ ಗೆರೆಯಲ್ಲಿ ಕೊನೆಯ ಮೆಟ್ಟಿಲು ಬಂತು. ಅದರ ಕೆಳಗೆ ಬರೀ ಮಣ್ಣು.

ಆ ವರ್ಷ ಆಡಿ ಬಂತು, ಹೊಳೆ ಬರಲಿಲ್ಲ. ಮೇಲೆ ಮಳೆಯಿಲ್ಲ, ಅಣೆಕಟ್ಟಿನಲ್ಲಿ ನೀರಿಲ್ಲ.

ಇಲ್ಲಿ ಆಡಿಯಲ್ಲಿ ಕಾವೇರಿ ಬಸುರಿ ಎಂದು ನಂಬಿಕೆ. ಬಸುರಿ ಮಗಳು ತವರಿಗೆ ಬರುತ್ತಾಳೆ, ಬಯಕೆ ತೀರಿಸಬೇಕು ಎಂದು ಚಿತ್ರಾನ್ನ ಮಾಡಿ, ಕಿವಿಯೋಲೆ, ಕರಿಮಣಿ, ಅರಿಸಿನ ಕುಂಕುಮ ಎಲ್ಲ ತಟ್ಟೆಯಲ್ಲಿಟ್ಟುಕೊಂಡು ಹೆಂಗಸರು ಹೊಳೆಗೆ ಹೋಗುತ್ತಾರೆ. ಆ ಬೆಳಗ್ಗೆ ಜನ ಬಂದರು, ನಿಜಕ್ಕೂ ಬಂದರು. ಸುಣ್ಣ ಹೊಡೆದ ಪೇಟೆ ನೋಡಿ ‘ಅಡಡಾ’ ಎಂದರು. ಮೆಟ್ಟಿಲಿನ ತುದಿಗೆ ಬಂದು ನಿಂತರು. ಹೊಚ್ಚ ಹೊಸ ಸೋಪಾನ ಠೀವಿಯಿಂದ ಇಳಿದು ಹೋಗಿ ಒಂದು ರಾಗಿ ಹೊಲದಲ್ಲಿ ಮುಗಿದಿತ್ತು. ಹೊಲದ ಬದುವಿನಲ್ಲಿ ಅದರ ಒಡೆಯ ಎರಡೂ ಕೈ ಚಾಚಿ ನಿಂತಿದ್ದ.

“ಪೈರು ತುಳೀಬ್ಯಾಡ್ರವ್ವೋ! ನಿಮ್ಮ ದಮ್ಮಯ್ಯ!”

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಯಜಮಾನರ ಮುಖ ನೋಡಲಾಗಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. ಗೆರೆ ಎಳೆದವರು ಅವರಲ್ಲವೇ? ತಟ್ಟೆ ಹಿಡಿದುಕೊಂಡೇ ಕೊನೆಯ ಮೆಟ್ಟಿಲಿನ ತನಕ ಇಳಿದು, ಅಲ್ಲಿ ಕೂತುಬಿಟ್ಟರು.

“ಅತ್ತೆ ಸುಮ್ನೆ ಕರೆದ್ರೆ ಏಳಲ್ಲ,” ಎಂದು ನಾನು ಪಕ್ಕದವಳಿಗೆ ಹೇಳಿ ಹತ್ತಿರ ಹೋದೆ. “ಅತ್ತೆ, ಏಳಿ. ನೆರೆಯವರ ಜೊತೆ ನೀರಿನ ತನಕ ಹೋಗಿ ಬರೋಣ.”

“ನೀ ಓಗು ಮಗಾ. ಇಲ್ಲಿಗೆ ಬತ್ತಾಳೆ ಅಂತ ನಾನು ಮಾತು ಕೊಟ್ಟಿವ್ನಿ. ಬಂದಾಗ ಇಲ್ಲಿ ಯಾರೂ ಇಲ್ದೆ ಓದ್ರೆ?”

ಹಟ ಅಂದರೆ ಹಟ. ಆದರೆ ಆ ಮಾತು ಕೇಳಿ ಅವರನ್ನು ಎಬ್ಬಿಸುವುದು ಬಿಟ್ಟೆ. ನಾನೂ ಕೂತೆ. ಒಬ್ಬೊಬ್ಬರಾಗಿ ಹೆಂಗಸರು ಕೂತರು. ಬಸುರಿಗೆಂದು ತಂದ ಚಿತ್ರಾನ್ನದಲ್ಲಿ ಅವಳ ಪಾಲನ್ನು ಎಲೆಯ ಮೇಲೆ ಬೇರೆ ಇಟ್ಟು, ಉಳಿದದ್ದನ್ನು ಅಲ್ಲೇ ಹಂಚಿ ತಿಂದೆವು. ಹೊಲದವನಿಗೂ ಕೊಟ್ಟೆವು. ಅವನು ಬದುವಿನ ಮೇಲೆ ನಿಂತೇ ತಿಂದ, ಕಣ್ಣು ಮಾತ್ರ ಪೈರಿನ ಮೇಲೆ.

ಮಾರನೆಯ ಸಂಜೆ ಅತ್ತೆ ಮತ್ತೆ ಹೋದರು. ಅದರ ಮಾರನೆಯ ದಿನವೂ. ಮುದುಕಿ ಒಬ್ಬರೇ ಕೂತಿದ್ದಾರಲ್ಲ ಎಂದು ಪಕ್ಕದ ಮನೆಯವರು ಹೋದರು. ಬಿಸಿಲಿಗೆ ಕಾದ ಸಿಮೆಂಟು ಸಂಜೆಗೆ ಹಿತವಾಗಿ ಬೆಚ್ಚಗಿರುತ್ತಿತ್ತು. ಎದುರಿಗೆ ಗಾಳಿಗೆ ಅಲೆಯಾಡುವ ರಾಗಿ. ಕಣ್ಣು ಅರೆಮುಚ್ಚಿದರೆ ಹಸಿರು ಹೊಳೆಯೇ. ಕಡಲೆಕಾಯಿಯವನು ಬಂದ. ಹುಡುಗಿಯರು ಹೂ ಕಟ್ಟಲು ಬಂದರು. ಬಸ್ಸಿಗೆ ಕಾಯುವವರು ಕೂಡ ‘ಇನ್ನೂ ಟೈಮ್ ಐತೆ’ ಎಂದು ಇಳಿದು ಬಂದು, ಕೂತು, ಬಸ್ಸು ತಪ್ಪಿಸಿಕೊಂಡು ಬೈದುಕೊಳ್ಳತೊಡಗಿದರು. ಹೋಗುವಾಗ ಒಂದು ಸೌಟು, ಒಂದು ಜರಡಿ ಕೊಂಡು ಹೋಗುತ್ತಿದ್ದರು. ನೀರಿಗೆಂದು ಕಟ್ಟಿದ ಸೋಪಾನ ಊರಿಗೇ ಜಗಲಿಯಾಯಿತು. ನಾನಂತೂ ತೂಕಡಿಸಲು ಅಂಗಡಿ ಬಿಟ್ಟು ಅಲ್ಲಿಗೇ ಹೋಗುತ್ತಿದ್ದೆ. ಒಮ್ಮೆ ಕನಸಿನಲ್ಲಿ ರಾಗಿ ತೆನೆಗಳ ನಡುವೆ ಮೀನು ಓಡಾಡಿದವು; ಎಚ್ಚರವಾದಾಗ ನನ್ನ ತಲೆ ಅತ್ತೆಯ ಭುಜದ ಮೇಲಿತ್ತು, ಅವರು ಅಲುಗದೆ ಕೂತಿದ್ದರು.

ಆದರೆ ಸೌಟು ಮಾರಿ ಸಂಸಾರ ನಡೆಯುತ್ತದೆಯೇ? ಯಜಮಾನರ ಪ್ರಶ್ನೆ ಅದು, ನ್ಯಾಯವಾದದ್ದೇ. ಮದುವೆಯ ಪಾತ್ರೆ ಕೊಳ್ಳುವವರು ಮಾತ್ರ ಇನ್ನೂ ಇಳಿದಿರಲಿಲ್ಲ. ಯಜಮಾನರು ಬಸ್ ಸ್ಟ್ಯಾಂಡಿನ ಅಂಗಡಿಯನ್ನು ನೋಡಿ ಬಂದರು, ಮತ್ತೊಮ್ಮೆ ನೋಡಿ ಬಂದರು. ಅಟ್ಟದ ಮೇಲಿನ ಹಂಡೆಗಳನ್ನು ಇಳಿಸಿ ಹುಲ್ಲು ತುಂಬಿ ಕಟ್ಟಲು ಶುರು ಮಾಡಿದರು. ಒಂದೊಂದು ಹಂಡೆ ಕಟ್ಟಿದಾಗಲೂ ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಆದರೆ ಲೆಕ್ಕದಲ್ಲಿ ಅವರು ಸರಿ. ಗೋಡೆಯ ಮೇಲೆ ಅಲುಗುವ ಬಿಸಿಲಿಗೆ ಯಾವ ಲೆಕ್ಕ ಹಿಡಿಯುವುದು?

ಐಪ್ಪಸಿ ತಿಂಗಳಲ್ಲಿ, ದೀಪಾವಳಿಯ ಹೊತ್ತಿಗೆ, ಮಳೆ ಹಿಡಿಯಿತು. ಹೊಲದವನು ತೆನೆ ಕೊಯ್ದು ಮನೆ ಸೇರಿಸಿ ನಿಟ್ಟುಸಿರುಬಿಟ್ಟ. ಆಮೇಲೆ ಒಂದು ಬೆಳಗ್ಗೆ ದೂರದ ಬಿಳಿ ಗೀರು ಅಗಲವಾಗಿತ್ತು. ದಿನದಿನಕ್ಕೂ ಹತ್ತಿರ, ಗದ್ದಲವಿಲ್ಲದೆ, ಹೆಜ್ಜೆ ಸಪ್ಪಳವಿಲ್ಲದೆ. ರಾಗಿಯ ಕೂಳೆ ಮುಳುಗಿತು, ಬದು ಮುಳುಗಿತು. ಒಂದು ಸಂಜೆ ನೀರು ಅತ್ತೆಯ ಹೆಬ್ಬೆರಳನ್ನು ಮುಟ್ಟಿತು. “ಬಂದ್ಯಾ?” ಎಂದರು ಅತ್ತೆ, ಅಷ್ಟೇ. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಲಿಲ್ಲ ಎಂದುಕೊಂಡರು.

ಊರಿಗೆ ಸಂತೋಷವಾಗಬೇಕಲ್ಲ? ಮಾರನೆಯ ದಿನದಿಂದ ದೂರು! ಕೆಳಗಿನ ಮೆಟ್ಟಿಲು ಕಡಲೆಕಾಯಿಯವನದು, ಹೋಯಿತು. ಅದರ ಮೇಲಿನದು ಹೂ ಕಟ್ಟುವವರದು, ಹೋಯಿತು. “ನಮ್ಮ ಜಾಗದಾಗೆ ಬಂದು ಕೂತವ್ಳಲ್ಲಪ್ಪಾ!” ಎಂದು ಹೊಳೆಯ ಮೇಲೆಯೇ ಜಗಳ. ಅವಳಿಗೆಂದೇ ಕಟ್ಟಿದ್ದು ಎಂಬುದನ್ನೇ ಎಲ್ಲರೂ ಮರೆತಿದ್ದರು. ಗೊಣಗುತ್ತಾ ಒಂದೊಂದು ಮೆಟ್ಟಿಲು ಮೇಲಕ್ಕೆ ಜರುಗಿದರು. ಮೆಟ್ಟಿಲು ಕಡಿಮೆಯಾದಂತೆ ಒತ್ತೊತ್ತಾಗಿ ಕೂತರು. ಹಾಗೆ ಒತ್ತಿ ಕೂತಾಗಲೇ ಕಡಯಂಪಟ್ಟಿಯ ಒಬ್ಬಾಕೆ ತನ್ನ ಮಗಳ ಮದುವೆಯ ಸುದ್ದಿಯನ್ನು ಅತ್ತೆಗೆ ಹೇಳಿ, ‘ಪಾತ್ರೆ ಇನ್ನೂ ನೋಡಿಲ್ಲ’ ಎಂದದ್ದು. ಅತ್ತೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

ಆ ಸಂಜೆ ಯಜಮಾನರು ಇಳಿದು ಬಂದರು. ಲುಂಗಿಯ ಮೇಲೆಲ್ಲ ಹುಲ್ಲು, ಕೈಯಲ್ಲಿ ಹಂಡೆ ಕಟ್ಟುವ ಹಗ್ಗ.

“ಅವ್ವ, ನಾಳೆ ಲಾರಿ ಬತ್ತದೆ. ಬೇಗ ಬಾ, ಸಾಮಾನು ಏರಿಸ್ಬೇಕು.”

ಅತ್ತೆ ತಿರುಗಲಿಲ್ಲ. ನೀರು ಅವರ ಪಾದ ಮುಟ್ಟಲು ಬಂದಿತ್ತು. ಕಾಲು ಎತ್ತಿಕೊಂಡು, ಕೈಯೂರಿ, ಒಂದು ಮೆಟ್ಟಿಲು ಮೇಲಕ್ಕೆ ಜರುಗಿ ಕೂತರು.

“ಲೇ, ಮಗಳು ಮನೇಗೆ ಬಂದ್ರೆ ಏನ್ಲಾ ಮಾಡ್ತಾರೆ? ವಸಿ ಜರುಗಿ ಕೂತ್ಕತ್ತಾರೆ. ಮನೇನೇ ಬುಟ್ಟು ಓಗ್ತಾರಾ?”

ಮುಳುಗುವ ಬಿಸಿಲು ನೀರಿಗೆ ಬಿದ್ದು, ಪುಟಿದು, ಎಲ್ಲರ ಮುಖದ ಮೇಲೂ ಅಲುಗುತ್ತಿತ್ತು. ಯಜಮಾನರ ಮುಖದ ಮೇಲೂ. ಅವರು ಒಮ್ಮೆ ಬೀದಿಯ ಕಡೆ ನೋಡಿದರು, ಒಮ್ಮೆ ಕಡಯಂಪಟ್ಟಿಯಾಕೆಯ ಕಡೆ, ಒಮ್ಮೆ ನನ್ನ ಕಡೆ. ಆಮೇಲೆ ಹಗ್ಗವನ್ನು ಸುತ್ತಿ ಪಕ್ಕಕ್ಕಿಟ್ಟು, ಲುಂಗಿ ಎತ್ತಿ ಕಟ್ಟಿ, “ಜರುಗೇ,” ಎಂದರು ನನಗೆ. ಜರುಗಿದೆ.