ಹಾಳೆ ಕಾಣದ ಕಂಪ್ಯೂಟರ್

2019ರಲ್ಲಿ ನಾನು ಮಧುಗಿರಿಯ ಖಾಸಗಿ ತರಬೇತಿ ಕೇಂದ್ರವೊಂದರಲ್ಲಿ ಪಠ್ಯ ವಿಭಾಗದ ಮುಖ್ಯಸ್ಥ. ಬೋರ್‌ವೆಲ್ ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ ಕಲಿಸಲು ಕನ್ನಡದಲ್ಲಿ ಕೈಪಿಡಿ ತರಬೇಕಿತ್ತು. ಪುಸ್ತಕದ ತುಂಬ ಕೋಷ್ಟಕಗಳು. ನಮ್ಮ ಹಳೆಯ ವಿಂಡೋಸ್‌ನಲ್ಲಿ ಜೋಡಿಸಿದ ಪುಟ ಶಿರಾದ ಪ್ರೆಸ್ಸಿನ ಕಂಪ್ಯೂಟರಿಗೆ ಹೋದರೆ ಸಾಲುಗಳೆಲ್ಲ ದಿಕ್ಕಾಪಾಲು. ನನಗೆ ರೋಸಿಹೋಗಿತ್ತು. ವಿಂಡೋಸ್ ತೆಗೆಸಿ ಲಿನಕ್ಸ್ ಹಾಕಿಸಿ, ಲೇಟೆಕ್ ಎಂಬ ತಂತ್ರಾಂಶದಲ್ಲಿ ಪುಟ ಕಟ್ಟುವುದೆಂದು ತೀರ್ಮಾನಿಸಿದೆ. ಅದರಲ್ಲಿ ಬರೀ ಆಜ್ಞೆಗಳನ್ನು ಟೈಪ್ ಮಾಡಬೇಕು; ಪುಟ ಆಮೇಲೆ ಮೂಡುತ್ತದೆ. ಆದರೆ ಒಂದು ಗೆರೆಯೂ ಅಲುಗುವುದಿಲ್ಲ.

ನಮ್ಮಲ್ಲಿ ಹದಿನಾಲ್ಕು ವರ್ಷದಿಂದ ಡಿಟಿಪಿ, ಅಂದರೆ ಪುಟ ಜೋಡಣೆ ಮಾಡುತ್ತಿದ್ದವರು ಕೊರಟಗೆರೆಯ ಸರೋಜಮ್ಮ. ಅವರ ಗಂಡನದು ರಿವೈಂಡಿಂಗ್ ಅಂಗಡಿ.

"ಹಾಳೆ ಕಣ್ಣಿಗೆ ಕಾಣ್ದೆ ತಪ್ಪು ಹೆಂಗ್ ಹಿಡೀಲಿ ಸಾರ್? ಇದೊಂದು ಪುಸ್ತಕ ಹಳೇದ್ರಲ್ಲೇ ಮಾಡ್ಬುಡ್ತೀನಿ," ಎಂದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದೆ. ಆಫೀಸಿಗೆ ಆಫೀಸೇ ನಕ್ಕಿತು. ಕಲಿಯಲು ಮೂರು ವಾರ ಗಡುವು ಕೊಟ್ಟೆ. ಎರಡನೇ ವಾರಕ್ಕೇ ಅವರು ಕೆಲಸ ಬಿಟ್ಟರು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಪೀಡೆ ತೊಲಗಿತು ಅಂದುಕೊಂಡೆ.

ಪುಟಗಳನ್ನು ನಾನೇ ಕಟ್ಟಿದೆ. ಪುಸ್ತಕ ಕಣ್ಣಿಗೆ ಒತ್ತಿಕೊಳ್ಳುವಂತೆ ಬಂತು.

ಮರುವರ್ಷ ವೈ.ಎನ್.ಹೊಸಕೋಟೆಯ ನರಸಿಂಹಪ್ಪ ಆ ಪುಸ್ತಕ ಹಿಡಿದು ಬಂದ. ನಮ್ಮಲ್ಲೇ ಕಲಿತು ಊರಲ್ಲಿ ಅಂಗಡಿ ತೆರೆದಿದ್ದವನು. ಅವನು ಸುತ್ತಿದ ಐದು ಎಚ್.ಪಿ. ಮೋಟಾರುಗಳು ಒಂದರ ಹಿಂದೊಂದು ಸುಟ್ಟಿದ್ದವು. ಊರಿನವರು ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ.

"ಬುಕ್ಕಲ್ಲಿ ಇದ್ದಂಗೇ ಸುತ್ತಿದೀನಿ ಸಾರ್. ನಂದೇನ್ ತಪ್ಪು, ಚೆಪ್ಪಂಡಿ, ನೀವೇ ಹೇಳಿ!"

ಆ ಪುಟವನ್ನು ಮೂರು ಸಲ ಓದಿದೆ. ತಪ್ಪು ಕಾಣಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಕೊರಟಗೆರೆಗೆ ಹೋದೆ. ಸರೋಜಮ್ಮ ಮೊದಲು ನೀರು ಕೊಟ್ಟರು, ಆಮೇಲೆ ಪುಸ್ತಕ ತೆರೆದರು. ಬೆರಳು ಕೋಷ್ಟಕದ ಮೇಲಿಂದ ಇಳಿದು ನಿಂತಿತು.

"ಐದು ಎಚ್‌ಪಿ ಸಾಲಲ್ಲಿ ಮೂರು ಎಚ್‌ಪಿ ತಂತಿ ಹಾಕಿದೀರಲ್ಲ ಸಾರ್. ಸಣ್ಣ ತಂತಿ, ಸುಡ್ದೆ ಇನ್ನೇನಾಯ್ತದೆ?" ಪುಸ್ತಕ ಮಡಚಿ ಕೊಡುತ್ತ ಹೇಳಿದರು: "ಗೆರೆ ಮಾತ್ರ ಚೆಂದಾಗಿ ಬಂದವೆ."

ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ ಹಂಚಿದೆ. ನರಸಿಂಹಪ್ಪನಿಗೆ ಅದು ಬೇಕಿರಲಿಲ್ಲ. ಅಷ್ಟರಲ್ಲಿ ಅವನು ಅಂಗಡಿ ಮುಚ್ಚಿ, ಪಾವಗಡದ ಕಡೆ ಸೋಲಾರ್ ಪ್ಯಾನೆಲ್ ಒರೆಸುವ ಕೆಲಸಕ್ಕೆ ಸೇರಿದ್ದ.

ಲಿನಕ್ಸ್ ಒಳ್ಳೆಯದೇ, ಇವತ್ತಿಗೂ ನಾನು ಅದನ್ನೇ ಬಳಸುತ್ತೇನೆ. ಆದರೆ ಯಂತ್ರ ಆರಿಸುವ ಮೊದಲು, ತಪ್ಪು ಹಿಡಿಯುವ ಕಣ್ಣು ಯಾರದೆಂದು ಕೇಳಬೇಕಿತ್ತು. ನಾನು ಕೇಳದೆಯೇ ಸರೋಜಮ್ಮ ಹೇಳಿದ್ದರು. ನಾನು ಆಫೀಸನ್ನು ನಗಿಸಿದೆ.